'ಪುರಾವೆ ಸಿಕ್ಕಲಿಲ್ಲ' ಎಂದರೆ ಏನರ್ಥ? – ಟೊಯೋಟಾ ಕಾರುಗಳ ತನಿಖೆಯ ಒಂದು ವಿಮರ್ಶೆ

ಓಡುತ್ತಿರುವ ಕಾರಿನ ಆಕ್ಸಿಲರೇಟರ್ ಪೆಡಲ್ ಮೇಲಿಂದ ಕಾಲು ತೆಗೆದರೂ ಎಂಜಿನ್ನಿನ ಮೊರೆತ ಇಳಿಯದಿದ್ದರೆ ಏನು ಮಾಡಬೇಕು? ಹೀಗಾಗಲು ಕಾರಣವೇನು? ತಪ್ಪು ಚಾಲಕನದೋ ಯಂತ್ರದ್ದೋ ಎಂದು ನಿರ್ಧರಿಸುವುದು ಹೇಗೆ? ಅಮೆರಿಕದಲ್ಲಿ 2009ರಿಂದ 2014ರವರೆಗೆ ಟೊಯೋಟಾ ಕಾರುಗಳ ವಿಷಯದಲ್ಲಿ ನಡೆದ ವಾದ, ತನಿಖೆ, ಮೊಕದ್ದಮೆಗಳು ಈ ಮೂರು ಪ್ರಶ್ನೆಗಳನ್ನೇ ಸುತ್ತುವರಿದಿದ್ದವು. ಈ ಪ್ರಕರಣದ ಕುರಿತು ಬಂದ ವರದಿಗಳನ್ನೂ ಅವುಗಳನ್ನು ಜನರಿಗೆ ತಿಳಿಸಿದ ಬಗೆಯನ್ನೂ ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ವೈಜ್ಞಾನಿಕ ವರದಿಯೊಂದನ್ನು ಹೇಗೆ ಓದಬೇಕು, ಹೇಗೆ ಓದಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಘಟನೆಗಳ ಸರಣಿ

2009ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಸಮೀಪ ಲೆಕ್ಸಸ್ ಇಎಸ್ 350 ಕಾರೊಂದು ಅತಿ ವೇಗದಿಂದ ಧಾವಿಸಿ ಅಪಘಾತಕ್ಕೀಡಾಯಿತು. ಒಳಗಿದ್ದ ನಾಲ್ವರೂ ಮೃತಪಟ್ಟರು. ಲೆಕ್ಸಸ್ ಎಂಬುದು ಟೊಯೋಟಾ ಸಂಸ್ಥೆಯದೇ ಹೆಸರು. ಚಾಲಕ ಹೆದ್ದಾರಿ ಗಸ್ತು ಪಡೆಯ ಅನುಭವಿ ಅಧಿಕಾರಿ. ಕಾರು ಅವರದಲ್ಲ, ತಮ್ಮ ಕಾರನ್ನು ರಿಪೇರಿಗೆ ಬಿಟ್ಟಿದ್ದಾಗ ಮಾರಾಟಗಾರರು ತಾತ್ಕಾಲಿಕವಾಗಿ ಕೊಟ್ಟದ್ದು. ಅದರಲ್ಲಿ ಬೇರೊಂದು ಮಾದರಿಯ ವಾಹನಕ್ಕೆ ಸೇರಿದ ದಪ್ಪ ರಬ್ಬರ್ ನೆಲಹಾಸನ್ನು ಹಾಕಲಾಗಿತ್ತು. ಪೆಡಲ್ ಆ ಹಾಸಿನ ಅಂಚಿಗೆ ಸಿಕ್ಕಿಕೊಂಡಿತ್ತೆಂದು ತನಿಖೆಯಿಂದ ತಿಳಿದುಬಂತು. ಕೆಲವೇ ದಿನಗಳ ಹಿಂದೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗ್ರಾಹಕರಿಗೂ ಇದೇ ತೊಂದರೆಯಾಗಿ, ಅವರು ಮಾರಾಟಗಾರರ ಕಚೇರಿಯಲ್ಲಿ ಅದನ್ನು ಹೇಳಿದ್ದರು!

ಮುಂದೆ ನಡೆದದ್ದನ್ನು ಸಂಕ್ಷೇಪವಾಗಿ ನೋಡಿ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುಮಾರು 38 ಲಕ್ಷ ವಾಹನಗಳ ನೆಲಹಾಸಿನ ಬಗ್ಗೆ ಟೊಯೋಟಾ ಎಚ್ಚರಿಕೆ ಪ್ರಕಟಿಸಿತು. ಅನಂತರ ರೀಕಾಲ್, ಅಂದರೆ ದೋಷ ಸರಿಪಡಿಸಲು ವಾಹನಗಳನ್ನು ವಾಪಸು ಕರೆಸಿಕೊಳ್ಳುವ ಕ್ರಮ, ಕೈಗೊಂಡಿತು. 2010ರ ಜನವರಿ 21ರಂದು ಸುಮಾರು 23 ಲಕ್ಷ ವಾಹನಗಳಿಗೆ ಎರಡನೆಯ ರೀಕಾಲ್. ಈ ಬಾರಿಯ ಕಾರಣ ಬೇರೆ: ಪೆಡಲ್ ಜೋಡಣೆಯೊಳಗಿನ ಘರ್ಷಣೆಯ ಭಾಗ ಸವೆದು, ತೇವಾಂಶ ಸೇರಿ, ಪೆಡಲ್ ನಿಧಾನವಾಗಿ ಹಿಂದಿರುಗುತ್ತಿತ್ತು ಅಥವಾ ನಡುವೆಯೇ ನಿಲ್ಲುತ್ತಿತ್ತು. ಫೆಬ್ರವರಿಯಲ್ಲಿ ಸಂಸ್ಥೆಯ ಅಧ್ಯಕ್ಷ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ ಕ್ಷಮೆ ಕೋರಿದರು.

ಇವೆರಡೂ ಯಾಂತ್ರಿಕ ದೋಷಗಳು. ಮೂರನೆಯ ಸಂಶಯ ಇಲೆಕ್ಟ್ರಾನಿಕ್ಸ್‌ನದು. ಈ ಕಾರುಗಳಲ್ಲಿ ಪೆಡಲ್‌ಗೂ ಎಂಜಿನ್ನಿನ ಥ್ರಾಟಲ್ ಕವಾಟಕ್ಕೂ ನಡುವೆ ತಂತಿಯ ಎಳೆತವಿಲ್ಲ. ಪೆಡಲಿನ ಸ್ಥಾನವನ್ನು ಎರಡು ಸಂವೇದಕಗಳು ವೋಲ್ಟೇಜಾಗಿ ಬದಲಾಯಿಸುತ್ತವೆ. ಗಣಕ ಅದನ್ನು ಓದುತ್ತದೆ. ಪುಟ್ಟ ಮೋಟಾರು ಕವಾಟವನ್ನು ತಿರುಗಿಸುತ್ತದೆ. ಗಣಕದ ತಂತ್ರಾಂಶವೇ ತಪ್ಪಿದರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೆದ್ದಾರಿ ಸುರಕ್ಷತಾ ಇಲಾಖೆ (ಎನ್‌ಎಚ್‌ಟಿಎಸ್‌ಎ) ನಾಸಾ ಸಂಸ್ಥೆಯ ಎಂಜಿನಿಯರುಗಳ ನೆರವು ಪಡೆಯಿತು. ವರದಿ 2011ರ ಫೆಬ್ರವರಿ 8ರಂದು ಹೊರಬಂತು.

ಬ್ರೇಕ್ ಗೆಲ್ಲುತ್ತದೆಯೇ? ಎರಡು ಪರೀಕ್ಷೆಗಳು, ಎರಡು ಉತ್ತರಗಳು

ವರದಿಯ ಚರ್ಚೆಗೆ ಮೊದಲು ಚಾಲಕನಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. 'ಎಷ್ಟೇ ಬಲವಾದ ಎಂಜಿನ್ ಇರಲಿ, ಬ್ರೇಕ್ ಅದಕ್ಕಿಂತ ಬಲವಾದದ್ದು. ಆದ್ದರಿಂದ ಕಾರು ನಿಲ್ಲಲಿಲ್ಲ ಎನ್ನುವವರು ಬ್ರೇಕ್ ಒತ್ತಿಯೇ ಇಲ್ಲ' ಎಂಬ ವಾದ ಆಗ ಬಹಳ ಕೇಳಿಬಂತು. ಇದಕ್ಕೆ ಆಧಾರವಾಗಿ ತೋರಿಸುತ್ತಿದ್ದುದು 'ಕಾರ್ ಅಂಡ್ ಡ್ರೈವರ್' ಪತ್ರಿಕೆ 2009ರ ಕೊನೆಯಲ್ಲಿ ಪ್ರಕಟಿಸಿದ ಪರೀಕ್ಷೆ. ವಿ-6 ಎಂಜಿನ್ನಿನ ಟೊಯೋಟಾ ಕ್ಯಾಮ್ರಿ ಕಾರು ಗಂಟೆಗೆ 70 ಮೈಲಿ (ಸುಮಾರು 113 ಕಿ.ಮೀ.) ವೇಗದಿಂದ ಸಾಮಾನ್ಯ ಸ್ಥಿತಿಯಲ್ಲಿ 174 ಅಡಿಗಳಲ್ಲಿ ನಿಂತಿತು. ಥ್ರಾಟಲ್ ಪೂರ್ತಿ ತೆರೆದಿಟ್ಟಾಗ 190 ಅಡಿಗಳಲ್ಲಿ ನಿಂತಿತು. ವ್ಯತ್ಯಾಸ ಕೇವಲ 16 ಅಡಿ.

ಇದೇಕೆ ಹೀಗೆ? ಲೆಕ್ಕ ಮಾಡಿ ನೋಡಿ. ವೇಗ ಸೆಕೆಂಡಿಗೆ 31.3 ಮೀಟರ್, ದೂರ 53 ಮೀಟರ್. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಋಣ ವೇಗೋತ್ಕರ್ಷ ಸುಮಾರು 9.2 ಮೀ./ಸೆ.² ಬರುತ್ತದೆ. ಇದು ಗುರುತ್ವ ವೇಗೋತ್ಕರ್ಷಕ್ಕೆ ಬಹಳ ಹತ್ತಿರದ ಬೆಲೆ. ಅಂದರೆ ಕಾರಿನ ನಿಲುಗಡೆಗೆ ಮಿತಿ ಹಾಕುತ್ತಿರುವುದು ಬ್ರೇಕ್ ಅಲ್ಲ, ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಬ್ರೇಕಿಗೆ ಇನ್ನೂ ಮಿಗುತೆ ಬಲವಿದೆ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸುತ್ತಿದ್ದರೂ ಆ ಮಿಗುತೆ ಬಲ ಅದನ್ನು ತಡೆಹಿಡಿಯುತ್ತದೆ. ರಸ್ತೆಯ ಮೇಲಿನ ಘರ್ಷಣೆ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ಆದ್ದರಿಂದಲೇ ದೂರದಲ್ಲಿ ದೊಡ್ಡ ಬದಲಾವಣೆಯಾಗದು.

ಈಗ ಎರಡನೆಯ ಪರೀಕ್ಷೆ. ಅದಕ್ಕೆ ಎರಡು ವರ್ಷ ಮೊದಲೇ, 2007ರಲ್ಲಿ, ಎನ್‌ಎಚ್‌ಟಿಎಸ್‌ಎ ತನ್ನ ಪ್ರಯೋಗ ಕೇಂದ್ರದಲ್ಲಿ ಲೆಕ್ಸಸ್ ಇಎಸ್ 350 ಕಾರನ್ನು ಪರೀಕ್ಷಿಸಿತ್ತು. ಇದು ಕ್ಯಾಮ್ರಿಯ ಒಡಹುಟ್ಟು ಎನ್ನಬಹುದಾದ ಕಾರು. ಅಲ್ಲಿ ಕಂಡದ್ದೇನು? ಥ್ರಾಟಲ್ ತೆರೆದಿರುವಾಗ ಬ್ರೇಕನ್ನು ಹಲವು ಬಾರಿ ಒತ್ತಿ ಬಿಟ್ಟರೆ, ಸಾಮಾನ್ಯವಾಗಿ 30 ಪೌಂಡ್ ಬಲ ಸಾಕಾಗುವಲ್ಲಿ 150 ಪೌಂಡಿಗಿಂತ ಹೆಚ್ಚು ಬೇಕಾಯಿತು. 200 ಅಡಿಯೊಳಗೆ ಇರುತ್ತಿದ್ದ ನಿಲುಗಡೆಯ ದೂರ 1000 ಅಡಿಗಳನ್ನು ದಾಟಿತು.

ಎರಡು ಪರೀಕ್ಷೆಗಳಲ್ಲಿ ಯಾವುದು ಸರಿ? ಎರಡೂ ಸರಿ. ಆರಂಭಿಕ ಸ್ಥಿತಿ ಬೇರೆ ಬೇರೆ, ಅಷ್ಟೆ. ಬ್ರೇಕ್ ಪೆಡಲಿನ ಹಿಂದೆ ಒಂದು ಬೂಸ್ಟರ್ ಇರುತ್ತದೆ. ಅದರ ಪೊರೆಯ ಒಂದು ಬದಿಗೆ ವಾಯುಮಂಡಲದ ಒತ್ತಡ, ಇನ್ನೊಂದು ಬದಿಗೆ ಎಂಜಿನ್ ಎಳೆದುಕೊಳ್ಳುವ ಗಾಳಿಯಿಂದ ಉಂಟಾದ ಭಾಗಶಃ ನಿರ್ವಾತ. ಪೊರೆಯ ವ್ಯಾಸ 25 ಸೆಂ.ಮೀ., ಒತ್ತಡದ ಅಂತರ 0.7 ವಾಯುಮಂಡಲ ಎಂದಿಟ್ಟುಕೊಂಡರೆ ಸಿಗುವ ಬಲ ಸುಮಾರು 3400 ನ್ಯೂಟನ್. ನಮ್ಮ ಕಾಲಿನ ಬಲಕ್ಕೆ ಇದು ದೊಡ್ಡ ನೆರವು. ಆದರೆ ಥ್ರಾಟಲ್ ಪೂರ್ತಿ ತೆರೆದಾಗ ಎಂಜಿನ್ನಿನ ಒಳಹರಿವಿನ ಕೊಳವೆಯಲ್ಲಿ ಒತ್ತಡ ಹೊರಗಿನಷ್ಟೇ ಆಗಿಬಿಡುತ್ತದೆ. ಹೊಸ ನಿರ್ವಾತ ಹುಟ್ಟುವುದಿಲ್ಲ. ಬೂಸ್ಟರಿನಲ್ಲಿ ಶೇಖರವಾಗಿರುವುದು ಒಂದೆರಡು ಒತ್ತುಗಳಿಗೆ ಮಾತ್ರ ಸಾಕು. ಮೊದಲನೆಯ ಒತ್ತಿನಲ್ಲೇ ಪೂರ್ಣ ಬಲ ಹಾಕಿದ ಪರೀಕ್ಷಕನಿಗೆ 190 ಅಡಿ. ಗಾಬರಿಯಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದವನಿಗೆ 1000 ಅಡಿ.

ಮೃದುವಾಗಿ ಬಹಳ ಹೊತ್ತು ಬ್ರೇಕ್ ಒತ್ತುವುದೂ ಅಪಾಯವೇ. 1600 ಕಿ.ಗ್ರಾಂ. ಕಾರಿನ ಚಲನಶಕ್ತಿ ಈ ವೇಗದಲ್ಲಿ ಸುಮಾರು 0.8 ಮೆಗಾಜೂಲ್. ಎಂಜಿನ್ 100 ಕಿಲೋವ್ಯಾಟ್ ಸಾಮರ್ಥ್ಯವನ್ನು ಒಂದು ನಿಮಿಷ ಕೊಟ್ಟರೆ 6 ಮೆಗಾಜೂಲ್, ಅಂದರೆ ಏಳೆಂಟು ಪಟ್ಟು. ಬ್ರೇಕಿನ ಕಬ್ಬಿಣದ ತಟ್ಟೆಗಳೆಲ್ಲ ಸೇರಿ 30 ಕಿ.ಗ್ರಾಂ. ಎನ್ನೋಣ. ಕಬ್ಬಿಣದ ವಿಶಿಷ್ಟೋಷ್ಣವನ್ನು 450 ಜೂಲ್ ಎಂದು ಹಿಡಿದರೆ ತಾಪ 440 ಡಿಗ್ರಿಗಳಷ್ಟು ಏರಬೇಕು. ಅಂಥ ತಾಪದಲ್ಲಿ ಬ್ರೇಕ್ ಪ್ಯಾಡಿನ ಹಿಡಿತ ಕುಸಿಯುತ್ತದೆ. ಅಪಘಾತಕ್ಕೀಡಾದ ಲೆಕ್ಸಸ್‌ನ ಬ್ರೇಕುಗಳಲ್ಲಿ ಅತಿಯಾದ ಶಾಖದ ಗುರುತುಗಳು ಕಂಡಿದ್ದವು.

ಹೀಗಿರುವಾಗ 'ಬ್ರೇಕ್ ಯಾವಾಗಲೂ ಗೆಲ್ಲುತ್ತದೆ' ಎಂಬ ವಾಕ್ಯ ಅರ್ಧಸತ್ಯ. ಪತ್ರಿಕೆಯ ಪರೀಕ್ಷೆ ತಪ್ಪಲ್ಲ. ಅದರಿಂದ ಚಾಲಕರ ಮೇಲೆ ಆರೋಪ ಹೊರಿಸಿದ ತರ್ಕ ತಪ್ಪು. ಪ್ರಯೋಗದ ಫಲಿತಾಂಶವನ್ನು ಅದರ ಷರತ್ತುಗಳಿಂದ ಬೇರ್ಪಡಿಸಿದರೆ ಏನಾಗುತ್ತದೆಂಬುದನ್ನು ಇಲ್ಲಿ ಕಾಣಬಹುದು.

ನಾಸಾ ಹೇಳಿದ್ದೇನು, ಸಚಿವರು ಹೇಳಿದ್ದೇನು

ನಾಸಾ ತಂಡ ಹತ್ತು ತಿಂಗಳ ಕಾಲ ಕೆಲಸ ಮಾಡಿತು. 2,80,000ಕ್ಕೂ ಹೆಚ್ಚು ಸಾಲುಗಳ ತಂತ್ರಾಂಶವನ್ನು ಪರಿಶೀಲಿಸಿತು. ಕಾರುಗಳಿಗೆ ವಿದ್ಯುತ್ಕಾಂತ ವಿಕಿರಣವನ್ನು ಹಾಯಿಸಿ ನೋಡಿತು. ದೋಷ ತೋರಿದ ಒಂದು ಪೆಡಲಿನ ಸಂವೇದಕದಲ್ಲಿ ತವರದ ಕೂದಲೆಳೆಯಂಥ ಹರಳು ಬೆಳೆದು ಎರಡು ಸಂಕೇತಗಳ ನಡುವೆ ಸೇತುವೆಯಾಗಿದ್ದುದನ್ನು ಪತ್ತೆಹಚ್ಚಿತು. ಶುದ್ಧ ತವರದ ಲೇಪನದಲ್ಲಿ ತಾನಾಗಿಯೇ ಬೆಳೆಯುವ ಈ 'ಮೀಸೆ'ಗಳು ಲೋಹವಿಜ್ಞಾನಿಗಳಿಗೆ ಹಳೆಯ ತಲೆನೋವು. ಎರಡು ನಿರ್ದಿಷ್ಟ ದೋಷಗಳು ಒಟ್ಟಿಗೆ, ನಿರ್ದಿಷ್ಟ ಮಿತಿಯೊಳಗೆ ಉಂಟಾದರೆ ಗಣಕ ಅದನ್ನು ಗುರುತಿಸದೆ ಮೋಸಹೋಗಬಹುದೆಂದೂ ತೋರಿಸಿತು. ಆದರೆ ಅಂಥ ಜೋಡಿ ದೋಷ ರಸ್ತೆಯ ಮೇಲಿನ ಕಾರುಗಳಲ್ಲಿ ಸಂಭವಿಸಿತ್ತೆಂಬುದಕ್ಕೆ ದುರಸ್ತಿ ದಾಖಲೆಗಳಲ್ಲಿ ಆಧಾರ ದೊರೆಯಲಿಲ್ಲ. ದೊಡ್ಡ ಪ್ರಮಾಣದಲ್ಲಿ ಥ್ರಾಟಲ್ ತೆರೆಸಬಲ್ಲ ಇಲೆಕ್ಟ್ರಾನಿಕ್ ದೋಷ ಕಂಡುಬರಲಿಲ್ಲ ಎಂಬುದು ವರದಿಯ ತೀರ್ಮಾನ.

ವರದಿ ಇಷ್ಟಕ್ಕೇ ನಿಲ್ಲುವುದಿಲ್ಲ. ಇಷ್ಟು ಜಟಿಲವಾದ ವ್ಯವಸ್ಥೆಯಲ್ಲಿ ದೋಷವೇ ಇಲ್ಲವೆಂದು ಸಾಧಿಸಿ ತೋರಿಸುವುದು ಸಾಧ್ಯವಿಲ್ಲ, ಆದ್ದರಿಂದ ಪುರಾವೆ ಸಿಕ್ಕದಿರುವುದು ವ್ಯವಸ್ಥೆಯನ್ನು ನಿರ್ದೋಷಿಯನ್ನಾಗಿ ಮಾಡುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಈ ಮಾತು ವರದಿಯ ಅತಿ ಪ್ರಾಮಾಣಿಕ ಭಾಗ. ಆದರೆ ವರದಿ ಬಿಡುಗಡೆ ಮಾಡಿದ ಸಾರಿಗೆ ಸಚಿವ ರೇ ಲಹೂಡ್ ತೀರ್ಪು ಬಂದಾಯಿತು, ಇಲೆಕ್ಟ್ರಾನಿಕ್ ಕಾರಣ ಇಲ್ಲ, ಅಲ್ಲಿಗೆ ಮುಗಿಯಿತು ಎಂಬರ್ಥದಲ್ಲಿ ಘೋಷಿಸಿದರು. ಮರುದಿನ ಲೋಕಕ್ಕೆ ತಲುಪಿದ್ದು ಸಚಿವರ ಮಾತು. ವರದಿಯ ಎಚ್ಚರಿಕೆ ಪುಟಗಳ ನಡುವೆ ಉಳಿಯಿತು.

'ಕಂಡುಬರಲಿಲ್ಲ' ಮತ್ತು 'ಇಲ್ಲ' ಇವುಗಳ ನಡುವಿನ ಅಂತರ ಎಷ್ಟು? ಇದನ್ನು ಅಳೆಯಬಹುದು. ಒಂದು ದೋಷ ಗಂಟೆಗೆ ಇಷ್ಟು ಎಂಬ ಸ್ಥಿರ ಸಂಭವನೀಯತೆಯಿಂದ ಸಂಭವಿಸುತ್ತದೆ ಎನ್ನೋಣ. ಪರೀಕ್ಷೆಯ ಅವಧಿಯಲ್ಲಿ ಅದು ಒಮ್ಮೆಯೂ ಕಾಣಿಸಲಿಲ್ಲ. ಆಗ ದೋಷದ ದರ, ಶೇ. 95ರ ವಿಶ್ವಾಸದಿಂದ ಹೇಳುವುದಾದರೆ, 3ನ್ನು ಪರೀಕ್ಷೆಯ ಗಂಟೆಗಳಿಂದ ಭಾಗಿಸಿದಾಗ ಬರುವ ಸಂಖ್ಯೆಗಿಂತ ಕಡಿಮೆ. ಇದಕ್ಕಿಂತ ಹೆಚ್ಚಿನದನ್ನು ಹೇಳಲಾಗದು. ಒಂದು ಕಾಲ್ಪನಿಕ ಉದಾಹರಣೆ: 100 ಕಾರುಗಳನ್ನು ತಲಾ 1000 ಗಂಟೆ ಓಡಿಸಿದಿರಿ; ಒಟ್ಟು 1 ಲಕ್ಷ ಗಂಟೆ; ದೋಷ ಶೂನ್ಯ. ಅಂದರೆ ದರ ಲಕ್ಷ ಗಂಟೆಗೆ 3ಕ್ಕಿಂತ ಕಡಿಮೆ. ಕೇಳಲು ಚೆನ್ನಾಗಿದೆ. ಆದರೆ 10 ಲಕ್ಷ ಕಾರುಗಳು ವರ್ಷಕ್ಕೆ ತಲಾ 300 ಗಂಟೆ ಓಡಿದರೆ ಒಟ್ಟು 30 ಕೋಟಿ ಗಂಟೆ. ಆ ದರದ ಮಿತಿಯೊಳಗೇ ವರ್ಷಕ್ಕೆ 9000 ಘಟನೆಗಳಿಗೆ ಅವಕಾಶವಿದೆ! ಅಪರೂಪದ ದೋಷವನ್ನು ಪರೀಕ್ಷೆಯೊಂದರಿಂದಲೇ ಹೊರಗಿಡಲಾಗದು. ಆದ್ದರಿಂದಲೇ ತಂತ್ರಾಂಶದ ವಿನ್ಯಾಸ ಹೇಗಿದೆ, ಒಂದು ಭಾಗ ಕೆಟ್ಟರೆ ಇನ್ನೊಂದು ಅದನ್ನು ಹಿಡಿಯುತ್ತದೆಯೇ ಎಂಬ ವಿಶ್ಲೇಷಣೆ ಮುಖ್ಯವಾಗುತ್ತದೆ.

ಈ ದುರ್ಬಲ ಜಾಗಕ್ಕೇ ಮುಂದೆ ಪೆಟ್ಟು ಬಿತ್ತು. 2007ರಲ್ಲಿ ಒಕ್ಲಹೋಮಾದಲ್ಲಿ 2005ರ ಮಾದರಿಯ ಕ್ಯಾಮ್ರಿಯೊಂದು ಅಪಘಾತಕ್ಕೀಡಾಗಿ ಒಬ್ಬರು ಮೃತಪಟ್ಟು ಇನ್ನೊಬ್ಬರು ಗಾಯಗೊಂಡಿದ್ದರು. 2013ರ ಅಕ್ಟೋಬರಿನಲ್ಲಿ ಆ ಮೊಕದ್ದಮೆ ನಡೆದಾಗ ತಂತ್ರಾಂಶ ತಜ್ಞ ಮೈಕೆಲ್ ಬಾರ್ ಸಾಕ್ಷ್ಯ ನುಡಿದರು. ಗಣಕದ ಸ್ಮೃತಿಯಲ್ಲಿ ತಪ್ಪನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡು ಇದೆಯೆಂದು ನಾಸಾ ತಂಡ ನಂಬಿತ್ತು, ಆದರೆ ಆ ಕಾರಿನಲ್ಲಿ ಅದು ಇರಲಿಲ್ಲ ಎಂದರು. ಸ್ಮೃತಿಯ ಒಂದು ಬಿಟ್ ಬದಲಾದರೂ ಥ್ರಾಟಲನ್ನು ನಿಯಂತ್ರಿಸುವ ಕಾರ್ಯಭಾಗ ಸ್ತಬ್ಧವಾಗಬಹುದು, ಕಾವಲು ವ್ಯವಸ್ಥೆ ಅದನ್ನು ಗಮನಿಸದೆಯೂ ಇರಬಹುದು ಎಂದು ವಿವರಿಸಿದರು. ನ್ಯಾಯದರ್ಶಿಗಳು ಟೊಯೋಟಾ ಹೊಣೆಯೆಂದು ನಿರ್ಣಯಿಸಿ 30 ಲಕ್ಷ ಡಾಲರ್ ಪರಿಹಾರ ವಿಧಿಸಿದರು.

ಇದನ್ನೂ ಎಚ್ಚರದಿಂದ ಓದಬೇಕು. 'ಹೀಗಾಗಬಹುದು' ಎಂದು ತೋರಿಸುವುದು ಬೇರೆ, 'ಅಂದು ಹೀಗೆಯೇ ಆಯಿತು' ಎಂದು ತೋರಿಸುವುದು ಬೇರೆ. ಸ್ಮೃತಿಯಲ್ಲಿ ಬಿಟ್ ಬದಲಾದದ್ದು ಗಣಕವನ್ನು ಮತ್ತೆ ಚಾಲೂ ಮಾಡಿದಾಗ ಗುರುತಿಲ್ಲದೆ ಅಳಿಸಿಹೋಗುತ್ತದೆ. ಸಿವಿಲ್ ನ್ಯಾಯಾಲಯ ಎರಡು ಸಾಧ್ಯತೆಗಳಲ್ಲಿ ಹೆಚ್ಚು ಸಂಭವನೀಯವಾದುದನ್ನು ಆರಿಸುತ್ತದೆ. ಅದು ನ್ಯಾಯದ ಅಗತ್ಯ. ಆದರೆ ಅದು ಪ್ರಯೋಗಶಾಲೆಯ ಪುರಾವೆಯಲ್ಲ. ಸಚಿವರ ಮಾತನ್ನು ಅತ್ಯುತ್ಸಾಹವೆಂದು ಟೀಕಿಸುವವರು ಈ ತೀರ್ಪನ್ನು ವೈಜ್ಞಾನಿಕ ಸಿದ್ಧಿಯೆಂದು ಕೊಂಡಾಡಿದರೆ ಅದೇ ತಪ್ಪನ್ನು ಮಾಡಿದಂತಾಗುತ್ತದೆ.

'ಚಾಲಕನ ತಪ್ಪು' ಎಂಬ ಪದ

ಇನ್ನೊಂದು ವಿವರಣೆಯನ್ನೂ ನ್ಯಾಯವಾಗಿ ತೂಗಬೇಕು. ಎನ್‌ಎಚ್‌ಟಿಎಸ್‌ಎ 58 ಕಾರುಗಳ ದಾಖಲೆ ಪೆಟ್ಟಿಗೆಗಳನ್ನು ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಬ್ರೇಕ್ ಒತ್ತಿದ ಗುರುತೇ ಇರಲಿಲ್ಲ. ಬ್ರೇಕ್ ಎಂದು ತಿಳಿದು ಆಕ್ಸಿಲರೇಟರನ್ನೇ ಒತ್ತುವುದು ಅಪರೂಪವಲ್ಲ. 1986ರಲ್ಲಿ ಆಡಿ 5000 ಕಾರಿನ ಬಗ್ಗೆ ಅಮೆರಿಕದ ದೂರದರ್ಶನದಲ್ಲಿ ದೊಡ್ಡ ಗುಲ್ಲೆದ್ದಾಗ, ತೋರಿಸಿದ ದೃಶ್ಯವೊಂದರಲ್ಲಿ ಗೇರ್‌ಪೆಟ್ಟಿಗೆಗೆ ತೂತು ಕೊರೆದು ಒತ್ತಡದ ಗಾಳಿ ತುಂಬಲಾಗಿತ್ತೆಂದು ಆಮೇಲೆ ಹೊರಬಂತು. 1989ರ ಸರ್ಕಾರಿ ಅಧ್ಯಯನ ಅಂಥ ಬಹುಪಾಲು ಘಟನೆಗಳಿಗೆ ಪೆಡಲ್ ಗೊಂದಲವೇ ಕಾರಣವೆಂದಿತು. ಅದೇ ವರ್ಷ ಮನೋವಿಜ್ಞಾನಿ ರಿಚರ್ಡ್ ಶ್ಮಿಟ್ ಇದಕ್ಕೆ ವಿವರಣೆ ನೀಡಿದರು: ಮೆದುಳು 'ಬ್ರೇಕ್' ಎಂದೇ ಆಜ್ಞೆ ಕೊಡುತ್ತದೆ, ಸ್ನಾಯುಗಳ ಸಹಜ ವ್ಯತ್ಯಾಸದಿಂದ ಪಾದ ಬೇರೆಡೆ ಬೀಳುತ್ತದೆ, ಆದ್ದರಿಂದ ಚಾಲಕನಿಗೆ ತಾನು ತಪ್ಪಿದೆನೆಂಬ ಅರಿವೇ ಇರುವುದಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ.

ಆದರೆ 'ಚಾಲಕನ ತಪ್ಪು' ಎಂದೊಡನೆ ತನಿಖೆ ಮುಗಿಯಿತೆಂದು ಭಾವಿಸುವುದೇ ದೊಡ್ಡ ದೋಷ. ಲಕ್ಷಾಂತರ ಜನ ಬಳಸುವ ಯಂತ್ರದಲ್ಲಿ ಕೆಲವರಾದರೂ ತಪ್ಪುವುದು ಖಚಿತ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿನ್ಯಾಸಕಾರನ ಕೆಲಸ. ಆಡಿ ಪ್ರಕರಣದ ನಂತರ ಬ್ರೇಕ್ ಒತ್ತದೆ ಗೇರ್ ಬದಲಿಸಲಾಗದ ಬೀಗ ಬಂತು. ಟೊಯೋಟಾ ಪ್ರಕರಣದ ನಂತರ, ಎರಡೂ ಪೆಡಲ್ ಒತ್ತಿದ್ದರೆ ಎಂಜಿನ್ನಿನ ಬಲವನ್ನು ಇಳಿಸಿ ಬ್ರೇಕಿಗೆ ಆದ್ಯತೆ ಕೊಡುವ ತಂತ್ರಾಂಶ ವ್ಯಾಪಕವಾಯಿತು. ನೆಲಹಾಸಿರಲಿ, ಸವೆದ ಪೆಡಲಿರಲಿ, ಅದಕ್ಕೆ ಕಾರಣ ಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಟೆಸ್ಲಾ ಸಂಸ್ಥೆ 3878 ಸೈಬರ್‌ಟ್ರಕ್‌ಗಳನ್ನು ವಾಪಸು ಕರೆಸಿತು. ಜೋಡಿಸುವಾಗ ಬಳಸಿದ ಸೋಪಿನ ಅಂಶ ಉಳಿದು ಪೆಡಲಿನ ಮೇಲ್ಹೊದಿಕೆ ಜಾರಿ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಯೂ ಬ್ರೇಕ್ ಒತ್ತಿದರೆ ಮೋಟಾರಿನ ಬಲ ಕಡಿತವಾಗುತ್ತಿತ್ತು.

ನಿಜವಾದ ಲೋಪ ಎಲ್ಲಿ?

ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ಅತಿ ದೊಡ್ಡ ಲೋಪ ತಂತ್ರಾಂಶದಲ್ಲಿಲ್ಲ. ಸಿಕ್ಕಿಕೊಳ್ಳುವ ನೆಲಹಾಸಿನ ವಿಷಯ 2009ರಲ್ಲಿ ಹೊಸದೇನಲ್ಲ. 2007ರ ಸೆಪ್ಟೆಂಬರಿನಲ್ಲಿಯೇ ಇದಕ್ಕಾಗಿ ಸುಮಾರು 55,000 ನೆಲಹಾಸುಗಳನ್ನು ವಾಪಸು ಪಡೆಯಲಾಗಿತ್ತು. ಆದರೆ ಪೆಡಲಿನ ಆಕಾರ ಹಾಗೆಯೇ ಉಳಿಯಿತು. 2014ರ ಮಾರ್ಚ್‌ನಲ್ಲಿ ಟೊಯೋಟಾ ಅಮೆರಿಕದ ನ್ಯಾಯಾಂಗ ಇಲಾಖೆಯೊಂದಿಗೆ ಒಪ್ಪಂದಕ್ಕೆ ಬಂದು, ಸುರಕ್ಷತೆಯ ಬಗ್ಗೆ ಗ್ರಾಹಕರನ್ನು ದಾರಿತಪ್ಪಿಸಿದ್ದಾಗಿ ಒಪ್ಪಿಕೊಂಡು 120 ಕೋಟಿ ಡಾಲರ್ ದಂಡ ತೆತ್ತಿತು. ಅಲ್ಲಿ ಪ್ರಸ್ತಾಪವಾದವು ಆ ಎರಡು ಯಾಂತ್ರಿಕ ದೋಷಗಳೇ: ನೆಲಹಾಸು ಮತ್ತು ಅಂಟಿಕೊಳ್ಳುವ ಪೆಡಲ್. ಜನರೆಲ್ಲ ಕಾಣದ ಬಿಟ್‌ಗಾಗಿ ಹುಡುಕುತ್ತಿದ್ದಾಗ, ಕಣ್ಣಿಗೆ ಕಾಣುವ ದೋಷವನ್ನೇ ತಡವಾಗಿ, ಅರೆಬರೆಯಾಗಿ ಹೇಳಲಾಗಿತ್ತು.

ನಮ್ಮ ದೇಶದಲ್ಲಿ 2012ರಿಂದ ರೀಕಾಲ್ ತಯಾರಕರ ಸ್ವಯಂಪ್ರೇರಿತ ಕ್ರಮವಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮಿನಿಂದ ಸರ್ಕಾರಕ್ಕೆ ಅದನ್ನು ಕಡ್ಡಾಯಗೊಳಿಸುವ ಅಧಿಕಾರ ಬಂತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಾದವು. ಸ್ವಾಗತಾರ್ಹ ಹೆಜ್ಜೆ. ಆದರೆ ಕ್ರಮ ಆರಂಭವಾಗಲು ಇರುವ ಒಂದು ದಾರಿ, ಮಾರಾಟದ ಗಾತ್ರಕ್ಕೆ ತಕ್ಕಂತೆ ನಿಗದಿಯಾದಷ್ಟು ದೂರುಗಳು ಬರುವುದು. ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ: ಅಪರೂಪವಾದ, ಆದರೆ ಪ್ರಾಣ ತೆಗೆಯುವ ದೋಷ ದೂರುಗಳ ಸಂಖ್ಯೆಯಲ್ಲಿ ಎಂದೂ ಎದ್ದು ಕಾಣದು. ಕೀರಲು ಶಬ್ದ ಮಾಡುವ ಬಾಗಿಲಿಗೆ ಹೆಚ್ಚು ದೂರು ಬಂದೀತು. ಪರೀಕ್ಷಾ ಸಂಸ್ಥೆ ಅಥವಾ ಬೇರೆ ಮೂಲದ ಮಾಹಿತಿಯ ಮೇಲೆ ಕ್ರಮ ಕೈಗೊಳ್ಳಲೂ ಕಾಯ್ದೆ ಅವಕಾಶ ಕೊಟ್ಟಿದೆ. ಸುರಕ್ಷತೆಯ ದೃಷ್ಟಿಯಿಂದ ಆ ದಾರಿಯೇ ಹೆಚ್ಚು ಬಳಕೆಯಾಗಬೇಕು.

ಚಾಲಕರಿಗೆ, ತರಗತಿಗೆ

ಪೆಡಲ್ ಸಿಕ್ಕಿಕೊಂಡರೆ ಮಾಡಬೇಕಾದದ್ದು ಈಗ ಕಾರಣಸಮೇತ ಸ್ಪಷ್ಟವಾಗಿರಬೇಕು. ಬ್ರೇಕನ್ನು ಒಮ್ಮೆಗೇ ಬಲವಾಗಿ ಒತ್ತಿ, ಒತ್ತಿಯೇ ಹಿಡಿಯಿರಿ. ಬಿಟ್ಟು ಬಿಟ್ಟು ಒತ್ತಬೇಡಿ. ಕ್ಲಚ್ ಇರುವ ಕಾರಾದರೆ ಕ್ಲಚ್ಚನ್ನೂ ಒತ್ತಿ. ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಆ ಕ್ಷಣವೇ ಕಡಿಯುತ್ತದೆ. ಆಟೊಮ್ಯಾಟಿಕ್ ಕಾರಾದರೆ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಕಿರುಚುತ್ತದೆ, ಕಿರುಚಲಿ. ರಸ್ತೆಯ ಬದಿಗೆ ತಂದು ನಿಲ್ಲಿಸಿದ ಮೇಲೆಯೇ ಎಂಜಿನ್ ಆರಿಸಿ. ಓಡುತ್ತಿರುವಾಗ ಕೀಲಿಯನ್ನು ಕೊನೆಯವರೆಗೆ ತಿರುಗಿಸಿ ಹೊರತೆಗೆದರೆ ಸ್ಟಿಯರಿಂಗ್ ಬೀಗ ಬೀಳುವ ಅಪಾಯವಿದೆ. ಗುಂಡಿಯಿಂದ ಚಾಲೂ ಆಗುವ ಕಾರನ್ನು ಓಟದಲ್ಲಿ ಆರಿಸುವುದು ಹೇಗೆಂದು ಕೈಪಿಡಿಯಲ್ಲಿ ಇಂದೇ ಓದಿಕೊಳ್ಳಿ; 2009ರ ಆ ಲೆಕ್ಸಸ್ ಮಾದರಿಯಲ್ಲಿ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕಿತ್ತು, ಗಾಬರಿಯಲ್ಲಿ ಇದು ಯಾರಿಗೆ ಹೊಳೆದೀತು? ಬಗ್ಗಿ ನೆಲಹಾಸನ್ನು ಎಳೆಯಲು ಹೋಗಬೇಡಿ. ಒಂದರ ಮೇಲೊಂದು ನೆಲಹಾಸನ್ನಂತೂ ಹಾಕಲೇಬೇಡಿ.

ಅಧ್ಯಾಪಕರಿಗೆ ಒಂದು ಸಲಹೆ. 'ಕಾರಣ ಕಂಡುಬರಲಿಲ್ಲ', 'ಕಾರಣ ಇರಬಹುದು', 'ಕಾರಣ ಇಲ್ಲ' ಎಂಬ ಮೂರು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆದು, ಪ್ರತಿಯೊಂದನ್ನು ಹೇಳಲು ಎಷ್ಟು ಮತ್ತು ಯಾವ ಬಗೆಯ ಪುರಾವೆ ಬೇಕೆಂದು ವಿದ್ಯಾರ್ಥಿಗಳನ್ನು ಕೇಳಿ. ಅನಂತರ ಪತ್ರಿಕೆಗಳಲ್ಲಿ ಬರುವ ಔಷಧ, ಸೇತುವೆ, ಕೀಟನಾಶಕಗಳ ಸುದ್ದಿಗಳನ್ನು ಈ ಮೂರರಲ್ಲಿ ವಿಂಗಡಿಸಲು ಹೇಳಿ. ಎರಡನೆಯ ವಾಕ್ಯ ಹೇಳಬೇಕಾದಲ್ಲಿ ಮೂರನೆಯದನ್ನು ಹೇಳಿದ ಉದಾಹರಣೆಗಳು ಅವರಿಗೆ ಒಂದೇ ವಾರದಲ್ಲಿ ಸಿಗುತ್ತವೆ.